ವೃದ್ಧನೂ ಬಾಲಕನೂ: ಸ್ನೇಹರಸವನ್ನು ಕುರಿತ ಒಂದು ವಿಚಾರ

೧

ರಸಗಳ ಸಂಖ್ಯೆಯನ್ನು ಕುರಿತು ಆಲಂಕಾರಿಕರಲ್ಲಿ ನಡೆದ ವಾದಗಳಲ್ಲಿ ಸ್ನೇಹಕ್ಕೆ ಸಂಬಂಧಪಟ್ಟ ವಾದವು ಗಮನಾರ್ಹವಾದುದು. ಭರತಮುನಿಯು ನಾಟ್ಯಕ್ಕೆ ಎಂಟು ರಸಗಳನ್ನು ಹೇಳಿದನು. ಶಾಂತವು ಒಂಬತ್ತನೆಯದಾಗಿ ಬಂದು ಸೇರಿತು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಇವುಗಳ ಜತೆಗೆ ‘ಪ್ರೇಯಾನ್’ ಎಂಬುದನ್ನೂ ಎಣಿಸಿ, ಸ್ನೇಹವೇ ಅದರ ಪ್ರಕೃತಿಯೆಂದನು. ಅಭಿನವಗುಪ್ತಾಚಾರ್ಯನಿಗೆ ಇದು ಸಮ್ಮತವಾಗಲಿಲ್ಲ. ಸ್ನೇಹವೆಂಬುದು ಕೇವಲ ಒಂದು ಅಂಟು. ಅದು ಬೇರೆ ಯಾವುದಾದರೊಂದು ಸ್ಥಾಯಿಯಲ್ಲಿ ಹೋಗಿ ನಿಲ್ಲತಕ್ಕದ್ದೇ ಹೊರತು ತಾನೇ ಸ್ಥಾಯಿಯಾಗಲಾರದು ಎಂಬುದು ಆತನ ಪಕ್ಷ. ಬಾಲಕನಿಗೆ ತಂದೆತಾಯಿಗಳಲ್ಲಿರುವ ಸ್ನೇಹವು ಭಯದಲ್ಲಿ ವಿಶ್ರಮಿಸುತ್ತದೆ. ತರುಣರಿಗೆ ಮಿತ್ರರಲ್ಲಿರುವುದು ರತಿಯಲ್ಲಿ. ಲಕ್ಷ್ಮಣನಿಗೆ ಅಣ್ಣನಲ್ಲಿದ್ದುದು ಧರ್ಮವೀರದಲ್ಲಿ. ವೃದ್ಧನಿಗೆ ಪುತ್ರಾದಿಗಳಲ್ಲಿರುವುದನ್ನೂ ಹೀಗೆಯೇ ತಿಳಿಯಬೇಕೆಂದು ಅಭಿನವಭಾರತಿಯಲ್ಲಿ ಆತನು ಸೂಚಿಸಿರುವನು.

ಹದಿನಾಲ್ಕನೆಯ ಶತಮಾನದಲ್ಲಿ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವತ್ಸಲವನ್ನು ಸ್ಪಷ್ಟವಾಗಿ ರಸವೆಂದು ಅಂಗೀಕರಿಸಿದನು. ಆತನ ಮತದಲ್ಲಿ ವಾತ್ಸಲ್ಯವೇ ಸ್ಥಾಯಿ. ಪುತ್ರನೇ ಮೊದಲಾದವರು ಆಲಂಬನ. ಮಗುವಿನ ಚೇಷ್ಟೆ, ವಿದ್ಯೆ, ಶೌರ್ಯಗಳು ಉದ್ದೀಪನ. ಆಲಿಂಗನ, ಶಿರಶ್ಚುಂಬನ, ರೋಮಾಂಚ, ಆನಂದಬಾಷ್ಪಗಳು ಅನುಭಾವ. ಅನಿಷ್ಟಶಂಕೆ, ಹರ್ಷ, ಗರ್ವಗಳು ವ್ಯಭಿಚಾರಿಗಳು. ೧೫೪೧ರಲ್ಲಿ ರೂಪಗೋಸ್ವಾಮಿಯು ಭಕ್ತಿರಸಾಮೃತಸಿಂಧುವಿನಲ್ಲಿ ಸಖ್ಯವನ್ನೂ ವಾತ್ಸಲ್ಯವನ್ನೂ ಬೇರೆ ಬೇರೆಯಾಗಿ ನಿರೂಪಿಸಿದನು.

ಈ ಲಕ್ಷಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸ್ಥಳವು ಬರಿದಾಗಿಯೇ ಉಳಿಯುತ್ತದೆ. ರಕ್ತಸಂಬಂಧವಿಲ್ಲದ ಒಬ್ಬ ವೃದ್ಧನಿಗೂ ಒಬ್ಬ ಬಾಲಕನಿಗೂ ಬೆಳೆಯುವ ಗೆಳೆತನವು ಯಾವ ರಸಕ್ಕೆ ಸೇರತಕ್ಕದ್ದು? ಅದು ವಾತ್ಸಲ್ಯವೆನ್ನೋಣವೆಂದರೆ, ವಾತ್ಸಲ್ಯದಲ್ಲಿ ಹಿರಿಯನು ಕಾಯುವವನು, ಕಿರಿಯನು ಕಾಯಲ್ಪಡುವವನು. ಸಖ್ಯವೆನ್ನೋಣವೆಂದರೆ, ಸಖ್ಯಕ್ಕೆ ವಯಸ್ಸಿನಲ್ಲಿಯೂ ಶೀಲದಲ್ಲಿಯೂ ಸಾಮ್ಯವು ಬೇಕೆಂಬುದು ಲೋಕಪ್ರಸಿದ್ಧ. ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಉದಾಹರಣವೊಂದು ಅವಶ್ಯಕ. ದೃಶ್ಯಕಾವ್ಯದ ಹೊಸ ರೂಪವಾದ ಚಲಚ್ಚಿತ್ರದಲ್ಲಿ ಅಂಥ ಉದಾಹರಣವೊಂದು ದೊರೆಯುತ್ತದೆ. ೧೯೬೭ರಲ್ಲಿ ಫ್ರಾನ್ಸಿನಲ್ಲಿ ತೆರೆಕಂಡ, ‘ವೃದ್ಧನೂ ಬಾಲಕನೂ’ ಎಂಬರ್ಥದ ಹೆಸರುಳ್ಳ, ಇಂಗ್ಲಿಷ್ ಬಲ್ಲ ದೇಶಗಳಲ್ಲಿ ‘ದಿ ಟೂ ಆಫ್ ಅಸ್’ ಎಂದು ಪ್ರಸಿದ್ಧವಾದ ಚಿತ್ರವೇ ಅದು.

೨

ಈ ಚಿತ್ರದ ನಿರ್ದೇಶಕನು ಕ್ಲೋದ್ ಬೆರಿ. ಈತನ ಹುಟ್ಟುಹೆಸರು ಕ್ಲೋದ್ ಲಾಂಗ್‌ಮಾನ್. ೧೯೩೪ರಲ್ಲಿ ಪ್ಯಾರಿಸ್ ನಗರದಲ್ಲಿ, ಪೂರ್ವ ಯೂರೋಪಿನಿಂದ ಬಂದು ನೆಲಸಿದ ಯೆಹೂದಿ ದಂಪತಿಗಳಿಗೆ ಜನಿಸಿದವನು, ೨೦೦೯ರಲ್ಲಿ ತೀರಿಕೊಂಡನು. ಯುದ್ಧಕಾಲದಲ್ಲಿ ಬಾಲಕನಾಗಿದ್ದ ಈತನನ್ನು ತಂದೆತಾಯಿಗಳು ಯೆಹೂದಿಗಳಲ್ಲದವರ ಮನೆಯಲ್ಲಿ ಮರೆಯಾಗಿರಿಸಿದ್ದರು. ಆ ಅನುಭವವೇ ಚಿತ್ರದ ಬೀಜ. ದೀರ್ಘಚಿತ್ರಗಳಲ್ಲಿ ಇದು ಬೆರಿಯ ಮೊದಲ ಕೃತಿ. ಇದಕ್ಕೆ ಮುಂಚೆ ‘ಕೋಳಿ’ ಎಂಬರ್ಥದ ಹೆಸರಿನ ಕಿರುಚಿತ್ರವೊಂದನ್ನು ಆತನು ೧೯೬೨ರಲ್ಲಿ ರಚಿಸಿದ್ದನು. ಅಡಿಗೆಗೆಂದು ತಂದ ಹುಂಜವನ್ನು ಮೊಟ್ಟೆಯಿಡುವ ಹೇಂಟೆಯೆಂದು ತಂದೆತಾಯಿಗಳಿಗೆ ನಂಬಿಸಿ ಅದರ ಪ್ರಾಣವನ್ನುಳಿಸಲೆಳಸುವ ಹುಡುಗನ ಕಥೆ ಅದು. ಅದಕ್ಕೆ ಆಸ್ಕರ್ ಪ್ರಶಸ್ತಿಯೂ ದೊರೆಯಿತು. ಪ್ರಾಣಿಯ ಪ್ರಾಣವನ್ನು ಉಳಿಸುವುದಕ್ಕಾಗಿ ಅದರ ಜಾತಿಯನ್ನು ಮರೆಮಾಚುವ ಆ ಸುಳ್ಳು, ಮುಂದಿನ ದೀರ್ಘಚಿತ್ರದಲ್ಲಿ ಮಗುವಿನ ಪ್ರಾಣವನ್ನು ಉಳಿಸುವ ಸುಳ್ಳಾಗಿ ಬೆಳೆದಿರುವುದನ್ನು ಗಮನಿಸಬಹುದು.

ಚಿತ್ರದಲ್ಲಿ ವೃದ್ಧನ ಪಾತ್ರವನ್ನು ವಹಿಸಿದವನು ಮಿಶೆಲ್ ಸಿಮೋನ್. ೧೮೯೫ರಲ್ಲಿ ಜಿನೀವಾದಲ್ಲಿ ಜನಿಸಿದ ಈ ನಟನು ಝಾನ್ ರೆನ್ವಾರ್, ಝಾನ್ ವಿಗೋ ಮೊದಲಾದವರ ಚಿತ್ರಗಳಿಂದ ಮೂವತ್ತರ ದಶಕದಲ್ಲಿಯೇ ಹೆಸರಾಗಿದ್ದನು. ಈ ಪಾತ್ರಕ್ಕಾಗಿ ೧೯೬೭ರ ಬರ್ಲಿನ್ ಚಲಚ್ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನ ರಜತಭಲ್ಲೂಕ ಪ್ರಶಸ್ತಿಯು ಈತನಿಗೆ ಸಂದಿತು. ಬಾಲಕನ ಪಾತ್ರಧಾರಿಯು ಆಲಾಂ ಕೊಹೆನ್. ಸಂಗೀತ ಝಾರ್ಝ್ ದೆಲರೂ ರಚನೆ. ಚಿತ್ರವು ಕಪ್ಪುಬಿಳುಪಿನದು; ಸುಮಾರು ಒಂದೂವರೆ ಗಂಟೆಯ ಅವಧಿಯುಳ್ಳದ್ದು.

ಕಥೆಯ ತೂಕವನ್ನು ತಿಳಿಯಬೇಕಾದರೆ ಅದರ ಕಾಲವನ್ನು ತಿಳಿಯಬೇಕು. ೧೯೪೦ರ ಬೇಸಗೆಯಲ್ಲಿ ಫ್ರಾನ್ಸು ಜರ್ಮನಿಗೆ ಸೋತ ಬಳಿಕ, ೧೯೧೬ರ ವೆರ್ದೂನ್ ಕದನದ ವೀರನೆಂದು ಜನರು ಗೌರವಿಸುತ್ತಿದ್ದ ಮಾರ್ಷಲ್ ಪೆತಾಂ ವಿಶಿ ಎಂಬ ಪಟ್ಟಣದಲ್ಲಿ ಸರ್ಕಾರವನ್ನು ನಡೆಸಿದನು. ಅದೇ ವರ್ಷದ ಅಕ್ಟೋಬರ್ ೩ರಂದು ಆ ಸರ್ಕಾರವು ಯೆಹೂದಿಗಳನ್ನು ಪ್ರತ್ಯೇಕಿಸುವ ಶಾಸನವನ್ನು ಮಾಡಿತು; ೧೯೪೧ರ ಜೂನಿನಲ್ಲಿ ಅದನ್ನು ಮತ್ತಷ್ಟು ಕಠಿನಗೊಳಿಸಿತು. ೧೯೪೨ರ ಜುಲೈ ೧೬ ಮತ್ತು ೧೭ರಂದು ಪ್ಯಾರಿಸ್ಸಿನಲ್ಲಿ ಫ್ರೆಂಚ್ ಪೊಲೀಸರೇ ಸುಮಾರು ೧೩,೦೦೦ ಯೆಹೂದಿಗಳನ್ನು ಹಿಡಿದರು. ಅವರಲ್ಲಿ ೪,೦೦೦ಕ್ಕೆ ಮೇಲ್ಪಟ್ಟವರು ಮಕ್ಕಳು. ಯುದ್ಧವು ಮುಗಿಯುವಷ್ಟರಲ್ಲಿ ಫ್ರಾನ್ಸಿನಿಂದ ಸುಮಾರು ೭೬,೦೦೦ ಯೆಹೂದಿಗಳನ್ನು ಸೆರೆಯಾಗಿ ಸಾಗಿಸಲಾಗಿತ್ತು. ಅವರಲ್ಲಿ ಸುಮಾರು ೧೧,೦೦೦ ಮಂದಿ ಮಕ್ಕಳು. ಮರಳಿ ಬಂದವರು ಅತ್ಯಲ್ಪ. ಗ್ರೆನೋಬ್ಲ್ ಪ್ರಾಂತವು ೧೯೪೩ರ ಸೆಪ್ಟೆಂಬರಿನವರೆಗೆ ಇಟಲಿಯ ಸೇನೆಯ ವಶದಲ್ಲಿದ್ದು, ಅಲ್ಲಿಯ ಯೆಹೂದಿಗಳಿಗೆ ಸ್ವಲ್ಪ ಉಸಿರಾಟಕ್ಕೆ ಎಡೆಯಿದ್ದಿತು. ಅನಂತರ ಅದು ಜರ್ಮನರ ಕೈಸೇರಿತು. ಚಿತ್ರದ ಕಥೆಯು ನಡೆಯುವುದು ಅಲ್ಲಿಂದ ಈಚೆಗೆ, ೧೯೪೪ರ ವಿಮೋಚನೆಯವರೆಗಿನ ತಿಂಗಳುಗಳಲ್ಲಿ.

೩

ಕಥಾಶರೀರವು ಸರಳವಾದುದು. ಎಂಟು ವರ್ಷದ ಕ್ಲೋದ್ ತುಂಟ ಹುಡುಗ. ಅಂಗಡಿಯಲ್ಲಿ ಆಟದ ಟ್ಯಾಂಕೊಂದನ್ನು ಕದ್ದು ಸಿಕ್ಕಿಬೀಳುತ್ತಾನೆ. ಬೇರೆ ಮನೆಗಳಲ್ಲಿ ಒಂದು ಪೆಟ್ಟಿಗೋ ಒಂದು ಗದರಿಕೆಗೋ ಮುಗಿಯುವ ತಪ್ಪು ಈ ಮನೆಯಲ್ಲಿ ಪ್ರಾಣಕ್ಕೆ ಮುಟ್ಟತಕ್ಕದ್ದು. ಹುಡುಗನ ಮೇಲೆ ನಾಲ್ಕು ಜನರ ಕಣ್ಣು ಬಿದ್ದರೆ ಮನೆಯವರೆಲ್ಲರ ಗುಟ್ಟೂ ಹೊರಬೀಳುವ ಭಯ. ಆದುದರಿಂದ ತಂದೆತಾಯಿಗಳು, ಪರಿಚಿತರಾದ ಕ್ರೈಸ್ತಕುಟುಂಬವೊಂದರ ನೆರವಿನಿಂದ, ಗ್ರೆನೋಬ್ಲ್ ಸಮೀಪದ ಹಳ್ಳಿಯಲ್ಲಿದ್ದ ವೃದ್ಧ ದಂಪತಿಗಳ ಬಳಿಗೆ ಅವನನ್ನು ಕಳುಹಿಸುತ್ತಾರೆ. ಹೊರಡುವ ಮುನ್ನ ಹುಡುಗನು ‘ಲಾಂಗೇ’ ಎಂಬ ಹೊಸ ಮನೆತನದ ಹೆಸರನ್ನೂ ಕ್ರೈಸ್ತರ ಪ್ರಾರ್ಥನೆಯನ್ನೂ ಕಂಠಪಾಠ ಮಾಡಬೇಕು. ಸ್ನಾನಮಾಡುವಾಗ ಯಾರ ಕಣ್ಣಿಗೂ ಬೀಳದಂತೆ ಎಚ್ಚರದಿಂದಿರಬೇಕು. ಏಕೆಂದರೆ ಹೆಸರನ್ನು ಬದಲಾಯಿಸಬಹುದು; ಸುನ್ನತಿಯ ಗುರುತನ್ನು ಬದಲಾಯಿಸಲಾಗದು.

ಆ ಮನೆಯ ಮುದುಕನನ್ನು ಎಲ್ಲರೂ ಕರೆಯುವುದು ಪೆಪೆ, ಎಂದರೆ ತಾತ, ಎಂದು. ಮೊದಲನೆಯ ಮಹಾಯುದ್ಧದಲ್ಲಿ ಕಾದಿದವನು, ಪೆತಾಂನ ಭಕ್ತ, ವಿಶಿ ಸರ್ಕಾರದ ರೇಡಿಯೋ ಹೇಳಿದುದೇ ಅವನಿಗೆ ಆಪ್ತವಾಕ್ಯ. ದೇಶದ ಕೇಡಿಗೆಲ್ಲ ಆಂಗ್ಲರು, ಯೆಹೂದಿಗಳು, ಫ್ರೀಮೇಸನ್ನರು, ಬೋಲ್ಶೆವಿಕರು ಎಂಬ ನಾಲ್ವರೇ ಕಾರಣರೆಂಬುದು ಅವನ ದೃಢವಾದ ನಂಬಿಕೆ. ಇಷ್ಟೇ ಆಗಿದ್ದರೆ ಅವನು ಕೇವಲ ಪ್ರತಿನಾಯಕನಾಗುತ್ತಿದ್ದನು. ಆದರೆ ಅವನು ಮಾಂಸವನ್ನು ತಿನ್ನುವುದಿಲ್ಲ. ಹೆಂಡತಿಯು ಸಾಕಿದ ಮೊಲಗಳ ಅಡಿಗೆಯನ್ನು ಮುಟ್ಟುವುದಿಲ್ಲ. ಹದಿನೈದು ವರ್ಷದ ಮುದಿನಾಯಿ ಕಿನೂವನ್ನು ಊಟದ ಮೇಜಿನ ಬಳಿ ಕೂರಿಸಿಕೊಂಡು ಚಮಚೆಯಿಂದ ಉಣಿಸುತ್ತಾನೆ. ಇಂಥವನ ಮನೆಗೆ ಅವನು ದ್ವೇಷಿಸುವ ಕುಲದ ಮಗುವೇ ಬಂದು, ಅವನಿಗೆ ಪ್ರಾಣಪ್ರಿಯವಾಗುತ್ತದೆ. ೧೯೪೪ರಲ್ಲಿ ವಿಮೋಚನೆಯಾಗುತ್ತದೆ, ಕಿನೂ ಸಾಯುತ್ತದೆ, ತಂದೆತಾಯಿಗಳು ಬಂದು ಮಗನನ್ನು ಕರೆದೊಯ್ಯುತ್ತಾರೆ. ತಾನು ಮುದ್ದಿಸಿದ ಮಗು ಯಾರೆಂಬುದನ್ನು ಮುದುಕನಿಗೆ ಚಿತ್ರವು ಕಡೆಯವರೆಗೂ ತಿಳಿಸುವುದಿಲ್ಲ.

೪

ಚಿತ್ರದ ಹಾಸ್ಯವು ಒಂದು ತರ್ಕದ ಮೇಲೆ ನಿಂತಿದೆ. ಯೆಹೂದಿಯನ್ನು ಗುರುತಿಸುವುದು ಹೇಗೆಂದು ಹುಡುಗನು ಕೇಳುತ್ತಾನೆ. ಮುದುಕನು ಲಕ್ಷಣಗಳನ್ನು ಹೇಳುತ್ತಾನೆ: ಕೊಕ್ಕೆಯಂಥ ಮೂಗು, ಗುಂಗುರು ಕೂದಲು, ವಾಸನೆ ಇತ್ಯಾದಿ. ಹುಡುಗನು ಆ ಲಕ್ಷಣಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾನೆ. ಆ ಮೂಗು ತಾತನಿಗೇ ಇದೆಯಲ್ಲಾ, ಹಾಗಾದರೆ ತಾತನೇ ಯೆಹೂದಿಯಾಗಬೇಕಲ್ಲಾ ಎಂಬ ನಿರ್ಣಯಕ್ಕೆ ಬರುತ್ತಾನೆ. ಮುದುಕನು ಕಂಗಾಲಾಗುತ್ತಾನೆ.

ತರ್ಕಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಲಕ್ಷಣದೋಷಗಳ ಪಾಠವೇ ಕಾಣುತ್ತದೆ. ಲಕ್ಷ್ಯವಲ್ಲದುದಕ್ಕೂ ಲಕ್ಷಣವು ಹತ್ತಿದರೆ ಅತಿವ್ಯಾಪ್ತಿ; ಯೆಹೂದಿಯಲ್ಲದ ಮುದುಕನಿಗೇ ಅದು ಹತ್ತುತ್ತದೆ. ಲಕ್ಷ್ಯದ ಒಂದು ಭಾಗಕ್ಕೆ ಹತ್ತದಿದ್ದರೆ ಅವ್ಯಾಪ್ತಿ. ಎದುರಿಗೆ ಕುಳಿತ ಯೆಹೂದಿ ಬಾಲಕನನ್ನೇ ಅದು ತೋರಿಸಿಕೊಡಲಾರದು. ಲಕ್ಷ್ಯದಲ್ಲಿ ಎಲ್ಲಿಯೂ ಇಲ್ಲದ್ದು ಅಸಂಭವ. ಆ ವಾಸನೆಯೆಂಬುದು ಕೇವಲ ಕಲ್ಪಿತ. ದ್ವೇಷವು ತನಗೆ ಶಾಸ್ತ್ರವಿದೆಯೆಂದು ಹೇಳಿಕೊಳ್ಳುತ್ತದೆ. ಆ ಶಾಸ್ತ್ರದ ಮೊದಲ ಲಕ್ಷಣವಾಕ್ಯವೇ ಎಂಟು ವರ್ಷದ ಹುಡುಗನ ಮುಂದೆ ನಿಲ್ಲುವುದಿಲ್ಲ.

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಅಂಗಿರಸನ ಮಗನಾದ ಶಿಶುವು ತನ್ನ ಪಿತೃಸಮಾನರಿಗೆ ಪಾಠಹೇಳುತ್ತ ಅವರನ್ನು ‘ಮಕ್ಕಳಿರಾ’ ಎಂದು ಕರೆದ ಕಥೆಯಿದೆ. ಕೋಪಗೊಂಡ ಅವರು ದೇವತೆಗಳನ್ನು ಕೇಳಲು, ಶಿಶುವು ಹೇಳಿದುದೇ ನ್ಯಾಯವೆಂದು ದೇವತೆಗಳು ನುಡಿದರು. ತಲೆ ನರೆತ ಮಾತ್ರಕ್ಕೆ ವೃದ್ಧತ್ವವು ಬಾರದೆಂಬುದು ಅಲ್ಲಿಯ ತಾತ್ಪರ್ಯ. ಈ ಚಿತ್ರದಲ್ಲಿಯೂ ತಿಳಿದವನು ಬಾಲಕ, ತಿಳಿಯದವನು ವೃದ್ಧ. ಒಂದು ಭೇದವಿದೆ. ಅಂಗಿರಸನ ಮಗನು ತಾನು ಬಲ್ಲುದನ್ನು ಗಟ್ಟಿಯಾಗಿ ಹೇಳಬಹುದಾಗಿತ್ತು, ಕ್ಲೋದ್ ಹೇಳುವಂತಿಲ್ಲ. ಅವನ ಜ್ಞಾನವು ಹಾಸ್ಯದ ಮರೆಯಲ್ಲಿ ಮಾತ್ರ ಹೊರಬರಬಲ್ಲದು. ಆದುದರಿಂದಲೇ ಈ ನಗೆಯು ಎಲ್ಲಿಯೂ ಹಗುರಾಗುವುದಿಲ್ಲ.

೫

ಈಗ ರಸದ ಪ್ರಶ್ನೆಗೆ ಬರಬಹುದು. ಮುದುಕನಲ್ಲಿ ವಾತ್ಸಲ್ಯದ ಸಾಮಗ್ರಿಯು ಬಹುಮಟ್ಟಿಗೆ ಇದೆ. ಆಲಂಬನವುಂಟು, ಉದ್ದೀಪನವುಂಟು, ಮಗುವಿನೊಡನೆ ಆಡಿ ನಕ್ಕು ಅಪ್ಪಿಕೊಳ್ಳುವ ಅನುಭಾವಗಳುಂಟು, ಹರ್ಷಗರ್ವಗಳೂ ಉಂಟು. ಆದರೆ ವಿಶ್ವನಾಥನು ಎಣಿಸಿದ ವ್ಯಭಿಚಾರಿಗಳಲ್ಲಿ ಮೊದಲನೆಯದಾದ ಅನಿಷ್ಟಶಂಕೆಯು ಅವನಲ್ಲಿ ನೆಲೆಗೊಳ್ಳಬೇಕಾದಲ್ಲಿ ನೆಲೆಗೊಂಡಿಲ್ಲ. ಮಗುವಿಗೆ ಬಂದಿರುವ ನಿಜವಾದ ವಿಪತ್ತು ಯಾವುದೆಂದು ಅವನು ಅರಿಯನು. ಆ ವಿಪತ್ತನ್ನು ತಂದವರನ್ನೇ ಅವನು ಪೂಜಿಸುತ್ತಾನೆ. ಹಾಗಾದರೆ ಆ ಶಂಕೆಯು ಎಲ್ಲಿ ಹೋಯಿತು? ಅದು ಎರಡು ಕಡೆ ಹಂಚಿಹೋಗಿದೆ. ಒಂದು ಪಾಲು ಬಾಲಕನಲ್ಲಿ, ಇನ್ನೊಂದು ಪಾಲು ಪ್ರೇಕ್ಷಕನಲ್ಲಿ. ಮುದುಕನು ಮಗುವನ್ನು ಮುದ್ದಿಸುವಾಗ ನಗುತ್ತಿರುವ ಸಹೃದಯನು, ಅದೇ ಕ್ಷಣದಲ್ಲಿ ಮುದುಕನಿಗೆ ಬದಲಾಗಿ ತಾನು ಹೆದರುತ್ತಾನೆ. ಆಶ್ರಯನಲ್ಲಿ ಅಪೂರ್ಣವಾಗಿ ಉಳಿದ ವಾತ್ಸಲ್ಯವು ಸಹೃದಯನಲ್ಲಿ ಪೂರ್ಣವಾಗುವ ಈ ಬಗೆಯೇ ಚಿತ್ರದ ಜೀವ.

ಬಾಲಕನ ಪಕ್ಷದಲ್ಲಿ ನೋಡಿದರೆ, ಅಭಿನವಗುಪ್ತನ ಮಾತನ್ನು ಇಲ್ಲಿ ತಿರುಗಿಸಿ ಹೇಳಬೇಕಾಗುತ್ತದೆ. ಬಾಲಕನಿಗೆ ಹಿರಿಯರಲ್ಲಿರುವ ಸ್ನೇಹವು ಭಯದಲ್ಲಿ ವಿಶ್ರಮಿಸುತ್ತದೆಂದು ಆಚಾರ್ಯನ ನಿರ್ಣಯ. ತನ್ನ ಕುಲವನ್ನು ಹಗಲಿರುಳು ಬೈಯುವ ಮುದುಕನಲ್ಲಿ ಕ್ಲೋದನಿಗೆ ಭಯಪಡಲು ಕಾರಣವು ಬೇಕಾದಷ್ಟಿದೆ. ಆದರೂ ಅವನ ಸ್ನೇಹವು ಭಯದಿಂದ ಹೊರಟು ಭಯವನ್ನು ದಾಟಿಹೋಗುತ್ತದೆ. ಮುದುಕನನ್ನು ಕೆಣಕಿ, ಅವನ ಮೂಗನ್ನು ಎತ್ತಿ ಆಡಿ, ಗುಟ್ಟಿನ ಅಂಚಿನಲ್ಲಿಯೇ ನಡೆದು ನಗುವ ಧೈರ್ಯವು ಭಯದಲ್ಲಿ ವಿಶ್ರಮಿಸಿದವನಿಗೆ ಇರಲಾರದು. ರತಿಯಲ್ಲಿಯೂ ಧರ್ಮವೀರದಲ್ಲಿಯೂ ಇದನ್ನು ಸೇರಿಸಲಾಗದು. ಆದುದರಿಂದ ಸ್ನೇಹಕ್ಕೆ ಸ್ವತಂತ್ರವಾದ ಸ್ಥಾನವನ್ನು ಕೇಳಿದ ರುದ್ರಟನ ಪಕ್ಷಕ್ಕೆ ಈ ಉದಾಹರಣವು ಬಲವನ್ನು ಕೊಡುತ್ತದೆ. ಸಖ್ಯಕ್ಕೆ ಸಾಮ್ಯವು ಬೇಕೆಂಬ ಆಕ್ಷೇಪಕ್ಕೂ ಇಲ್ಲಿ ಉತ್ತರವಿದೆ. ವಯಸ್ಸಿನಲ್ಲಿ ಹಿರಿಮೆ ಒಬ್ಬನದು, ತಿಳಿವಿನಲ್ಲಿ ಹಿರಿಮೆ ಇನ್ನೊಬ್ಬನದು. ಇಬ್ಬರೂ ಒಬ್ಬರಿಗೊಬ್ಬರು ಹಿರಿಯರೂ ಕಿರಿಯರೂ ಆಗಿರುವುದರಿಂದ ತಕ್ಕಡಿಯು ಸಮನಾಗಿ ನಿಲ್ಲುತ್ತದೆ.

೬

ಇಲ್ಲಿ ಬಲವಾದ ಪೂರ್ವಪಕ್ಷವೊಂದು ಹುಟ್ಟುತ್ತದೆ. ಅನೌಚಿತ್ಯಕ್ಕಿಂತ ಬೇರೆ ರಸಭಂಗಕಾರಣವಿಲ್ಲವೆಂಬುದು ಆನಂದವರ್ಧನನ ಸಿದ್ಧಾಂತ. ಹನ್ನೊಂದು ಸಾವಿರ ಮಕ್ಕಳನ್ನು ಸಾವಿಗೆ ಕಳುಹಿಸಿದ ವ್ಯವಸ್ಥೆಯನ್ನು ಕೊಂಡಾಡುವವನನ್ನು ಪ್ರಿಯನನ್ನಾಗಿ ಚಿತ್ರಿಸುವುದು ಉಚಿತವೇ? ಪ್ರೇಕ್ಷಕನು ಅವನೊಡನೆ ನಕ್ಕರೆ ಅವನ ದ್ವೇಷವನ್ನು ಮನ್ನಿಸಿದಂತಾಗದೆ?

ಇದನ್ನು ತಳ್ಳಿಹಾಕುವಂತಿಲ್ಲ. ಸಮಾಧಾನವೇನೆಂದರೆ, ಚಿತ್ರವು ಮುದುಕನನ್ನು ಎಲ್ಲಿಯೂ ಶುದ್ಧಿಗೊಳಿಸಿ ತೋರಿಸುವುದಿಲ್ಲ. ಸತ್ಯವನ್ನು ತಿಳಿದು, ಪಶ್ಚಾತ್ತಾಪದಿಂದ ಕಣ್ಣೀರಿಟ್ಟು, ಮಗುವನ್ನು ಅಪ್ಪಿಕೊಳ್ಳುವ ಒಂದು ಅಂಕವನ್ನು ಸೇರಿಸುವುದು ಯಾವ ಕಥೆಗಾರನಿಗೂ ಸುಲಭವಾಗಿತ್ತು. ಹಾಗೆ ಮಾಡಿದ್ದರೆ ಪ್ರೇಕ್ಷಕನು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದನು. ಅನೌಚಿತ್ಯವೂ ಅಲ್ಲಿಯೇ ಸಂಭವಿಸುತ್ತಿತ್ತು. ಇಲ್ಲಿ ಹಾಗಾಗಿಲ್ಲ. ಗುಟ್ಟು ಹೊರಬಿದ್ದಿದ್ದರೆ ಮುದುಕನು ಮಗುವನ್ನು ಬಚ್ಚಿಡುತ್ತಿದ್ದನೋ, ಹಿಡಿದುಕೊಡುತ್ತಿದ್ದನೋ? ಚಿತ್ರವು ಹೇಳುವುದಿಲ್ಲ. ಅವನ ಪ್ರೀತಿಯು ಸತ್ಯ; ಆದರೆ ಆ ಪ್ರೀತಿಯ ರಕ್ಷಣೆಯಲ್ಲಿ ಮಗುವು ಬದುಕಿದುದು ಸುಳ್ಳಿನಿಂದ. ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ಪ್ರೇಕ್ಷಕನು ಏಳಬೇಕಾಗುತ್ತದೆ.

ಮುದುಕನ ಭೂತದಯೆಯನ್ನೂ ಈ ಬೆಳಕಿನಲ್ಲಿಯೇ ನೋಡತಕ್ಕದ್ದು. ಅವನು ಮೊಲವನ್ನು ತಿನ್ನದಿರುವುದಕ್ಕೆ ಕಾರಣ, ಮೊಲವು ಅವನ ಅಂಗಳದಲ್ಲಿ ಬೆಳೆದುದು. ಯೆಹೂದಿಯನ್ನು ದ್ವೇಷಿಸುವುದಕ್ಕೆ ಕಾರಣ, ಯೆಹೂದಿಯು ಅವನಿಗೆ ರೇಡಿಯೋದಲ್ಲಿ ಕೇಳಿದ ಒಂದು ಶಬ್ದ ಮಾತ್ರ. ಅವನ ದಯೆಯು ಪರಿಚಯದ ಎಲ್ಲೆಯವರೆಗೆ ನಡೆದು ಅಲ್ಲಿಗೆ ನಿಲ್ಲುತ್ತದೆ. ಅವನ ದ್ವೇಷವು ಅಲ್ಲಿಂದ ಆಚೆಗೆ ಪ್ರಾರಂಭವಾಗುತ್ತದೆ. ಇಂಥವರು ಕ್ರೂರಿಗಳಲ್ಲ, ಆದರೆ ಇಂಥವರ ಒಪ್ಪಿಗೆಯಿಲ್ಲದೆ ಕ್ರೂರಶಾಸನಗಳು ನಡೆಯಲಾರವು. ಪ್ರತಿಭಟಿಸಿದವರನ್ನೂ ಶತ್ರುವಿಗೆ ನೆರವಾದವರನ್ನೂ ಬಿಟ್ಟು, ಎರಡನ್ನೂ ಮಾಡದೆ ಉಳಿದ ಬಹುಸಂಖ್ಯಾತ ಫ್ರೆಂಚರ ನಿಜಚಿತ್ರವೆಂದು ನಿರ್ದೇಶಕ ಫ್ರಾಂಸ್ವಾ ತ್ರೂಫೊ ಈ ಕೃತಿಯನ್ನು ಮೆಚ್ಚಿದುದು ಇದಕ್ಕಾಗಿಯೇ. ಆ ದೇಶದ ಅಧ್ಯಕ್ಷನು ಈ ಅಪರಾಧದಲ್ಲಿ ಫ್ರೆಂಚ್ ರಾಜ್ಯದ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡುದು ೧೯೯೫ರ ಜುಲೈ ೧೬ರಂದು. ಎಂದರೆ ಈ ಚಿತ್ರವು ಬಂದು ಇಪ್ಪತ್ತೆಂಟು ವರ್ಷಗಳಾದ ಮೇಲೆ.

೭

ವಾತ್ಸಲ್ಯಕ್ಕೆ ನಮ್ಮ ಅಧ್ಯಾಪಕರು ಸಾಮಾನ್ಯವಾಗಿ ಕೊಡುವ ಉದಾಹರಣವು ಶಾಕುಂತಲದ ಏಳನೆಯ ಅಂಕ. ಸಿಂಹದ ಮರಿಯೊಡನೆ ಆಡುತ್ತಿರುವ ಬಾಲಕನನ್ನು ಕಂಡು, ಯಾರೆಂದು ಅರಿಯದೆಯೇ ದುಷ್ಯಂತನ ಮನಸ್ಸು ಕರಗುತ್ತದೆ; ಅನಂತರ ರಕ್ಷೆಯ ಮೂಲಕ ಮಗನೆಂಬುದು ತಿಳಿಯುತ್ತದೆ. ಅಲ್ಲಿ ಅಜ್ಞಾತಸ್ನೇಹಕ್ಕೆ ಅಭಿಜ್ಞಾನವು ಮುದ್ರೆಯೊತ್ತುತ್ತದೆ. ರಕ್ತವು ರಕ್ತವನ್ನು ಮೊದಲೇ ಗುರುತಿಸಿತ್ತೆಂದು ಸಹೃದಯನು ತೃಪ್ತನಾಗುತ್ತಾನೆ. ೧೮೯೨ರ ರವೀಂದ್ರರ ‘ಕಾಬೂಲಿವಾಲಾ’ ಕಥೆಯಲ್ಲಿಯೂ, ಅದನ್ನಾಧರಿಸಿ ೧೯೫೭ರಲ್ಲಿ ಬಂಗಾಳಿಯಲ್ಲಿಯೂ ೧೯೬೧ರಲ್ಲಿ ಹಿಂದಿಯಲ್ಲಿಯೂ ಬಂದ ಚಿತ್ರಗಳಲ್ಲಿಯೂ, ಪರದೇಶಿಯಾದ ರಹಮತನು ಮಿನಿಯಲ್ಲಿ ಕಾಣುವುದು ದೂರದಲ್ಲಿರುವ ತನ್ನ ಮಗಳನ್ನೇ. ಅಲ್ಲಿಯೂ ಸ್ನೇಹವು ಅಪತ್ಯಪ್ರೇಮದ ಆಧಾರವನ್ನು ಬಿಟ್ಟಿಲ್ಲ. ಮಿನಿಯ ತಂದೆಗೆ ಅದು ಗೊತ್ತಾದಾಗ ಕಥೆಯು ಪಕ್ವವಾಗುತ್ತದೆ.

ಫ್ರೆಂಚ್ ಚಿತ್ರದಲ್ಲಿ ಈ ಎರಡು ಆಧಾರಗಳೂ ಇಲ್ಲ. ಮಗುವು ಮುದುಕನ ಸಂತಾನವಲ್ಲ, ಸಂತಾನದ ಪ್ರತಿಬಿಂಬವೂ ಅಲ್ಲ. ಅಭಿಜ್ಞಾನವು ಒದಗುವುದೇ ಇಲ್ಲ. ಎರಡು ಊರುಗೋಲುಗಳನ್ನು ತೆಗೆದ ಮೇಲೆಯೂ ಸ್ನೇಹವು ನಿಲ್ಲುವುದಾದರೆ, ಅದು ತನ್ನ ಕಾಲಮೇಲೆಯೇ ನಿಂತಿದೆಯೆಂದು ಒಪ್ಪಬೇಕು. ಲಕ್ಷಣಗ್ರಂಥಗಳನ್ನು ಪಾಠಹೇಳುವವರಿಗೆ ಈ ಉದಾಹರಣದಿಂದ ದೊರೆಯುವ ಪ್ರಯೋಜನವು ಇದು. ಶಾಕುಂತಲವನ್ನೂ ಕಾಬೂಲಿವಾಲಾವನ್ನೂ ಇದನ್ನೂ ಕ್ರಮವಾಗಿ ಇಟ್ಟು ತೋರಿಸಿದರೆ, ರಕ್ತಸಂಬಂಧದಿಂದ ಸಾದೃಶ್ಯಕ್ಕೆ, ಸಾದೃಶ್ಯದಿಂದ ಕೇವಲ ಸಹವಾಸಕ್ಕೆ ಸ್ನೇಹದ ಆಧಾರವು ಹೇಗೆ ಸೂಕ್ಷ್ಮವಾಗುತ್ತ ಬರುವುದೆಂಬುದು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗುತ್ತದೆ. ರುದ್ರಟನಿಗೂ ಅಭಿನವಗುಪ್ತನಿಗೂ ನಡುವಣ ವಾದವು ಹಳೆಯ ಓಲೆಗಳಲ್ಲಿ ಮುಗಿದುಹೋದುದಲ್ಲವೆಂಬುದೂ ತಿಳಿಯುತ್ತದೆ.

ಆದರೆ ಸಹವಾಸದಿಂದ ಹುಟ್ಟಿದ ಸ್ನೇಹಕ್ಕೆ ಸಹವಾಸದ ಎಲ್ಲೆಯೂ ಉಂಟೆಂಬುದನ್ನು ಈ ಕೃತಿಯು ಮರೆಸುವುದಿಲ್ಲ. ಯುದ್ಧವು ಮುಗಿದು ಬಾಲಕನು ತನ್ನ ನಿಜವಾದ ಮನೆತನದ ಹೆಸರಿನೊಡನೆ ಹಿಂತಿರುಗುತ್ತಾನೆ. ತನಗೆ ಅಷ್ಟು ಪ್ರಿಯನಾದವನ ಆ ಹೆಸರನ್ನು ವೃದ್ಧನು ಒಂದು ಸಲವಾದರೂ ಕೇಳಿರುವುದಿಲ್ಲ.